ಶೇ 4ರ ಗುರಿ ಎಲ್ಲಿಂದ ಬಂತು? ಬೆಲೆಯೇರಿಕೆ ಜೊತೆ ರಘುರಾಂ ರಾಜನ್ ಸೆಣಸಿದ ಮೂರು ವರ್ಷ

ಎರಡು ತಿಂಗಳಿಗೊಮ್ಮೆ ಆರ್‌ಬಿಐ ಗವರ್ನರ್ ಟಿವಿಯಲ್ಲಿ ಬಂದು ರೆಪೊ ದರ ಹೇಳುತ್ತಾರೆ. ಪರದೆಯ ಕೆಳಗೆ 'ಸಾಲಗಾರರಿಗೆ ಸಿಹಿ ಸುದ್ದಿ' ಅಂತಲೋ 'ಇಎಂಐ ಹೊರೆ' ಅಂತಲೋ ಓಡುತ್ತದೆ. ಜೊತೆಗೆ ಇನ್ನೊಂದು ಸಾಲು ಇದ್ದೇ ಇರುತ್ತದೆ: ಹಣದುಬ್ಬರ ಶೇ 4ರ ಗುರಿಗೆ ಹತ್ತಿರ ಬಂದಿದೆ, ಅಥವಾ ಗುರಿ ಮೀರಿದೆ. ನಮ್ಮ ಮನೆ ಸಾಲದ ಕಂತು, ಅಪ್ಪ ಅಮ್ಮನ ಎಫ್‌ಡಿ ಬಡ್ಡಿ, ಎರಡೂ ಈ ಒಂದು ಅಂಕಿಯ ಸುತ್ತ ತಿರುಗುತ್ತವೆ. ಆದರೆ ಅದು ಎಲ್ಲಿಂದ ಬಂತು ಅಂತ ಹೇಳುವವರು ಕಡಿಮೆ.

ಅದನ್ನು ತಿಳಿಯಲು 2013ಕ್ಕೆ ಹೋಗಬೇಕು. ಆ ವರ್ಷ ಸೆಪ್ಟೆಂಬರ್ 4ರಂದು ರಘುರಾಂ ರಾಜನ್ ಆರ್‌ಬಿಐನ 23ನೇ ಗವರ್ನರ್ ಆದರು. ಸರಿಯಾಗಿ ಮೂರು ವರ್ಷ ಇದ್ದರು. ಅವರು ಬಡ್ಡಿ ಏರಿಸಿದ್ದು ಎಲ್ಲರಿಗೂ ನೆನಪಿದೆ. ನನ್ನ ಪ್ರಕಾರ ಅದಕ್ಕಿಂತ ದೊಡ್ಡ ಕೆಲಸ ಬೇರೆ. ಬೆಲೆಯೇರಿಕೆಯನ್ನು ಯಾವ ಅಳತೆಗೋಲಿನಲ್ಲಿ ಅಳೆಯಬೇಕು, ತಪ್ಪಿದರೆ ಯಾರು ಉತ್ತರ ಕೊಡಬೇಕು ಎನ್ನುವುದು ಅವರ ಕಾಲದಲ್ಲಿ ತೀರ್ಮಾನವಾಯಿತು.

ಮೊದಲು ಎರಡು ಮಾತು ಅರ್ಥ ಮಾಡಿಕೊಳ್ಳೋಣ

ಹಣದುಬ್ಬರ ಅಂದರೆ ಒಂದು ವರ್ಷದಲ್ಲಿ ಬೆಲೆಗಳು ಒಟ್ಟಾರೆ ಎಷ್ಟು ಏರಿದವು ಎನ್ನುವ ಅಳತೆ. ಒಂದು ಸಾಮಾನು ತುಟ್ಟಿಯಾದರೆ ಅದು ಹಣದುಬ್ಬರ ಅಲ್ಲ. ಅಕ್ಕಿ, ಬಾಡಿಗೆ, ಬಸ್ ಟಿಕೆಟ್, ಶಾಲೆ ಫೀಸು, ಔಷಧಿ ಎಲ್ಲ ಸೇರಿದ ಒಂದು ಬುಟ್ಟಿ ಇಟ್ಟುಕೊಂಡು, ಹೋದ ವರ್ಷ ಇದೇ ತಿಂಗಳು ಅದಕ್ಕೆ ಎಷ್ಟು ಬೇಕಿತ್ತು, ಈಗ ಎಷ್ಟು ಬೇಕು ಅಂತ ನೋಡುತ್ತಾರೆ. 100 ರೂಪಾಯಿಯ ಬುಟ್ಟಿಗೆ ಈಗ 110 ಬೇಕಾದರೆ ಹಣದುಬ್ಬರ ಶೇ 10.

ಇಲ್ಲಿ ಒಂದು ಗೊಂದಲ ಯಾವಾಗಲೂ ಆಗುತ್ತದೆ. ಹಣದುಬ್ಬರ ಇಳಿದಿದೆ ಅಂದರೆ ಬೆಲೆ ಇಳಿದಿದೆ ಅಂತ ಅಲ್ಲ. ಏರುವ ವೇಗ ಕಡಿಮೆಯಾಗಿದೆ ಅಂತ ಮಾತ್ರ. ಶೇ 10ರಿಂದ ಶೇ 5ಕ್ಕೆ ಇಳಿದರೂ ಬೆಲೆ ಏರುತ್ತಲೇ ಇರುತ್ತದೆ. ಅದಕ್ಕೇ 'ಹಣದುಬ್ಬರ ಇಳಿಕೆ' ಸುದ್ದಿ ಓದಿ ಅಂಗಡಿಗೆ ಹೋದವರಿಗೆ ಮೋಸ ಹೋದ ಹಾಗೆ ಅನಿಸುತ್ತದೆ.

ರೆಪೊ ದರ ಅಂದರೆ ಬ್ಯಾಂಕುಗಳು ಸರ್ಕಾರಿ ಬಾಂಡ್‌ಗಳನ್ನು ಅಡ ಇಟ್ಟು ಆರ್‌ಬಿಐನಿಂದ ಸ್ವಲ್ಪ ದಿನದ ಮಟ್ಟಿಗೆ ಪಡೆಯುವ ಸಾಲದ ಬಡ್ಡಿ. ಇದು ಏರಿದರೆ ಬ್ಯಾಂಕಿಗೆ ಹಣ ದುಬಾರಿ. ಬ್ಯಾಂಕಿಗೆ ದುಬಾರಿಯಾದರೆ ನಮಗೂ ದುಬಾರಿ. 30 ಲಕ್ಷ ರೂಪಾಯಿ ಮನೆ ಸಾಲ, 20 ವರ್ಷದ ಅವಧಿ ಅಂತ ಇಟ್ಟುಕೊಳ್ಳಿ. ಬಡ್ಡಿ ಶೇ 9 ಇದ್ದರೆ ತಿಂಗಳ ಕಂತು ಸುಮಾರು 26,990 ರೂಪಾಯಿ. ಶೇ 10 ಆದರೆ ಸುಮಾರು 28,950. ತಿಂಗಳಿಗೆ ಎರಡು ಸಾವಿರದ ಹತ್ತಿರ ಜಾಸ್ತಿ ಕಟ್ಟಬೇಕಾಗಿ ಬಂದ ಮನೆಯವರು ಬೇರೆ ಎಲ್ಲೋ ಖರ್ಚು ಕಡಿಮೆ ಮಾಡಲೇಬೇಕು. ಹೊಸ ಸಾಲ ಮಾಡಬೇಕು ಅಂತಿದ್ದವರು ಸ್ವಲ್ಪ ತಡೆಯೋಣ ಅನ್ನುತ್ತಾರೆ. ಕಾರ್ಖಾನೆ ವಿಸ್ತರಿಸುವವರೂ ಹಾಗೇ. ಕೊಳ್ಳುವವರ ನುಗ್ಗಾಟ ಕಡಿಮೆಯಾದಾಗ ಬೆಲೆ ಏರಿಸುವವರ ಕೈ ಹಿಡಿದಂತಾಗುತ್ತದೆ. ಬಡ್ಡಿ ಏರಿಸಿ ಹಣದುಬ್ಬರ ಇಳಿಸುವುದು ಅಂದರೆ ಇಷ್ಟೇ. ಇದರಲ್ಲಿ ನೋವಿದೆ. ನೋವಿಲ್ಲದೆ ಆಗುವ ಕೆಲಸ ಅಲ್ಲ ಇದು.

2013ರಲ್ಲಿ ಏನಾಗಿತ್ತು

ರಾಜನ್ ಬರುವ ಮೊದಲೇ ದೇಶದಲ್ಲಿ ನಾಲ್ಕು ವರ್ಷದಿಂದ ಬೆಲೆ ಏರುತ್ತಿತ್ತು. ಅವರಿಗಿಂತ ಮುಂಚೆ ಗವರ್ನರ್ ಆಗಿದ್ದ ಡಿ. ಸುಬ್ಬರಾವ್ ಸುಮ್ಮನೆ ಕೂತಿರಲಿಲ್ಲ. 2010ರ ಮಾರ್ಚ್‌ನಿಂದ 2011ರ ಅಕ್ಟೋಬರ್‌ವರೆಗೆ 13 ಸಲ ಬಡ್ಡಿ ಏರಿಸಿದ್ದರು. 4.75 ಇದ್ದ ರೆಪೊ ದರ 8.5ಕ್ಕೆ ಹೋಗಿತ್ತು. ಆದರೂ ಜನರ ಅನುಭವದಲ್ಲಿ ಬೆಲೆಯೇರಿಕೆ ಎರಡಂಕಿಯ ಆಸುಪಾಸಿನಿಂದ ಇಳಿಯಲಿಲ್ಲ.

ಅಷ್ಟರಲ್ಲಿ ಡಾಲರ್ ಸಮಸ್ಯೆ ಬಂತು. 2013ರ ಮೇ 22ರಂದು ಅಮೆರಿಕದ ಕೇಂದ್ರೀಯ ಬ್ಯಾಂಕ್ ಮುಖ್ಯಸ್ಥ ಬೆನ್ ಬರ್ನಾಂಕೆ, ತಾವು ಮಾರುಕಟ್ಟೆಗೆ ಸುರಿಯುತ್ತಿದ್ದ ಹಣವನ್ನು ನಿಧಾನಕ್ಕೆ ಕಡಿಮೆ ಮಾಡಬಹುದು ಅಂತ ಸೂಚನೆ ಕೊಟ್ಟರು. ಅಷ್ಟು ಸಾಕಾಯಿತು. ಭಾರತದಂಥ ದೇಶಗಳಲ್ಲಿ ಹೂಡಿದ್ದ ಡಾಲರ್‌ಗಳು ವಾಪಸ್ ಹೊರಟವು. ಆಗ ನಮ್ಮ ಸ್ಥಿತಿಯೂ ಚೆನ್ನಾಗಿರಲಿಲ್ಲ. ಹೊರದೇಶದ ವ್ಯವಹಾರದಲ್ಲಿ ನಾವು ಗಳಿಸುವುದಕ್ಕಿಂತ ಖರ್ಚು ಮಾಡುತ್ತಿದ್ದದ್ದು ಜಾಸ್ತಿ, ಆ ಕೊರತೆ 2012-13ರಲ್ಲಿ ಜಿಡಿಪಿಯ ಶೇ 4.8 ಮುಟ್ಟಿತ್ತು. ಮೇ ತಿಂಗಳಲ್ಲಿ ಡಾಲರ್‌ಗೆ 55 ರೂಪಾಯಿ ಆಸುಪಾಸಿನಲ್ಲಿದ್ದ ರೂಪಾಯಿ ಆಗಸ್ಟ್ 28ರಂದು 68 ದಾಟಿತು.

ರೂಪಾಯಿ ಬಿದ್ದರೆ ಬೆಲೆ ಯಾಕೆ ಏರುತ್ತದೆ? ನಾವು ಕಚ್ಚಾ ತೈಲದ ಬಹುಪಾಲನ್ನು ಹೊರಗಿನಿಂದ ತರುತ್ತೇವೆ. ದುಡ್ಡು ಕೊಡುವುದು ಡಾಲರ್‌ನಲ್ಲಿ. ಡಾಲರ್ 55ರಿಂದ 68 ಆದರೆ, ತೈಲದ ಬೆಲೆ ಒಂದು ಪೈಸೆ ಏರದಿದ್ದರೂ ನಮಗೆ ಕಾಲು ಭಾಗದಷ್ಟು ಜಾಸ್ತಿ ಬೀಳುತ್ತದೆ. ಡೀಸೆಲ್ ಏರಿದರೆ ಲಾರಿ ಬಾಡಿಗೆ ಏರುತ್ತದೆ. ಲಾರಿ ಬಾಡಿಗೆ ಏರಿದರೆ ತರಕಾರಿ ಏರುತ್ತದೆ.

ಯಾರು ಈ ರಾಜನ್

1963ರಲ್ಲಿ ಭೋಪಾಲದಲ್ಲಿ ಹುಟ್ಟಿದವರು. ದೆಹಲಿ ಐಐಟಿಯಲ್ಲಿ ಎಂಜಿನಿಯರಿಂಗ್, ಅಹಮದಾಬಾದ್ ಐಐಎಂನಲ್ಲಿ ಎಂಬಿಎ, ಆಮೇಲೆ ಅಮೆರಿಕದ ಎಂಐಟಿಯಲ್ಲಿ ಪಿಎಚ್‌.ಡಿ. ಷಿಕಾಗೊ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಿದ್ದರು. ನಲವತ್ತರ ವಯಸ್ಸಿಗೇ ಅಂತರರಾಷ್ಟ್ರೀಯ ಹಣಕಾಸು ನಿಧಿಯ (ಐಎಂಎಫ್) ಮುಖ್ಯ ಅರ್ಥಶಾಸ್ತ್ರಜ್ಞರಾದರು.

ಅವರ ಹೆಸರು ಲೋಕಕ್ಕೆ ಗೊತ್ತಾಗಿದ್ದು 2005ರ ಒಂದು ಭಾಷಣದಿಂದ. ಅಮೆರಿಕದ ಜಾಕ್ಸನ್ ಹೋಲ್‌ನಲ್ಲಿ ಕೇಂದ್ರೀಯ ಬ್ಯಾಂಕಿನವರೆಲ್ಲ ಸೇರಿದ್ದರು. ಆಗ ಅಮೆರಿಕದ ಕೇಂದ್ರೀಯ ಬ್ಯಾಂಕ್ ಮುಖ್ಯಸ್ಥರಾಗಿದ್ದ ಅಲನ್ ಗ್ರೀನ್‌ಸ್ಪ್ಯಾನ್ ಅವರ ಕಾಲವನ್ನು ಹೊಗಳುವ ಸಂದರ್ಭ ಅದು. ಅಲ್ಲಿ ರಾಜನ್ ಎದ್ದು ನಿಂತು, ಹಣಕಾಸು ಸಂಸ್ಥೆಗಳಲ್ಲಿ ಸಂಬಳ ಮತ್ತು ಬೋನಸ್ ಕೊಡುವ ರೀತಿಯೇ ಜನರನ್ನು ದೊಡ್ಡ ಅಪಾಯಕ್ಕೆ ತಳ್ಳುತ್ತಿದೆ ಎಂದರು. ಸಭೆಯಲ್ಲಿದ್ದ ದೊಡ್ಡವರು ಒಪ್ಪಲಿಲ್ಲ, ಟೀಕಿಸಿದರು. ಮೂರು ವರ್ಷದ ನಂತರ 2008ರ ಜಾಗತಿಕ ಹಣಕಾಸು ಕುಸಿತ ಬಂತು. ಆಗ ಆ ಭಾಷಣವನ್ನು ಎಲ್ಲರೂ ಮತ್ತೆ ಹುಡುಕಿ ಓದಿದರು.

2012ರಲ್ಲಿ ಕೇಂದ್ರ ಸರ್ಕಾರದ ಮುಖ್ಯ ಆರ್ಥಿಕ ಸಲಹೆಗಾರರಾಗಿ ದೆಹಲಿಗೆ ಬಂದರು. ಮರುವರ್ಷ ಆರ್‌ಬಿಐ. ಅಧಿಕಾರ ವಹಿಸಿಕೊಂಡ ದಿನವೇ ದೀರ್ಘ ಹೇಳಿಕೆ ಕೊಟ್ಟರು. ತಾವು ತೆಗೆದುಕೊಳ್ಳುವ ಕೆಲವು ತೀರ್ಮಾನ ಜನಪ್ರಿಯ ಆಗಲಿಕ್ಕಿಲ್ಲ, ಈ ಹುದ್ದೆ ಇರುವುದು ವೋಟು ಅಥವಾ ಫೇಸ್‌ಬುಕ್ ಲೈಕ್ ಗಳಿಸುವುದಕ್ಕಲ್ಲ ಅಂತ ಅದರಲ್ಲಿ ಸ್ಪಷ್ಟವಾಗಿ ಹೇಳಿದ್ದರು.

ಮೊದಲ ಕೆಲಸ ಡಾಲರ್ ತರುವುದು

ಬೆಂಕಿ ಬಿದ್ದಿದ್ದು ರೂಪಾಯಿಗೆ. ಅದನ್ನು ಮೊದಲು ಆರಿಸಬೇಕಿತ್ತು.

ಹೊರದೇಶದಲ್ಲಿರುವ ಭಾರತೀಯರು ನಮ್ಮ ಬ್ಯಾಂಕುಗಳಲ್ಲಿ ಡಾಲರ್‌ನಲ್ಲೇ ಠೇವಣಿ ಇಡಬಹುದು. ಬ್ಯಾಂಕಿಗೆ ಅದರಲ್ಲಿ ಒಂದು ಭಯ ಇದೆ. ಇವತ್ತು ಡಾಲರ್ ತೆಗೆದುಕೊಂಡು ರೂಪಾಯಿ ಮಾಡಿ ಸಾಲ ಕೊಟ್ಟಾಯಿತು. ಮೂರು ವರ್ಷ ಬಿಟ್ಟು ಡಾಲರ್‌ನಲ್ಲೇ ವಾಪಸ್ ಕೊಡಬೇಕು. ಅಷ್ಟರಲ್ಲಿ ರೂಪಾಯಿ ಇನ್ನೂ ಬಿದ್ದಿದ್ದರೆ ನಷ್ಟ. ಆರ್‌ಬಿಐ ಆ ಭಯವನ್ನು ತನ್ನ ಮೇಲೆ ಹಾಕಿಕೊಂಡಿತು. ವರ್ಷಕ್ಕೆ ಶೇ 3.5ರಷ್ಟು ವೆಚ್ಚ ಕೊಡಿ, ರೂಪಾಯಿ ಎಲ್ಲಿಗೇ ಹೋಗಲಿ, ಅವಧಿ ಮುಗಿದಾಗ ನಿಮಗೆ ಡಾಲರ್ ಕೊಡುವ ಹೊಣೆ ನಮ್ಮದು ಅಂತು. ನವೆಂಬರ್ ಕೊನೆಯ ಹೊತ್ತಿಗೆ ಈ ದಾರಿಯಲ್ಲಿ ಸುಮಾರು 26 ಶತಕೋಟಿ ಡಾಲರ್ ಬಂತು. ಬ್ಯಾಂಕುಗಳು ಹೊರಗಿನಿಂದ ತಂದ ಸಾಲವೂ ಸೇರಿ ಸುಮಾರು 34 ಶತಕೋಟಿ ಆಯಿತು. ರೂಪಾಯಿ ನಿಂತಿತು. ಚಿನ್ನದ ಆಮದು ಸುಂಕವನ್ನು ಸರ್ಕಾರ ಆಗಸ್ಟ್‌ನಲ್ಲೇ ಶೇ 10ಕ್ಕೆ ಏರಿಸಿದ್ದೂ ಡಾಲರ್ ಹೊರಹೋಗುವುದನ್ನು ತಡೆಯಿತು.

ಸೆಪ್ಟೆಂಬರ್ 20ರ ಮೊದಲ ನೀತಿಯಲ್ಲಿ ಅವರು ಮಾಡಿದ್ದು ನೋಡಿ ಬಹಳ ಜನಕ್ಕೆ ಗೊಂದಲವಾಯಿತು. ರೂಪಾಯಿ ಕಾಪಾಡಲು ಜುಲೈನಲ್ಲಿ ಬ್ಯಾಂಕುಗಳ ತುರ್ತು ಸಾಲದ ದರವನ್ನು 10.25ಕ್ಕೆ ಏರಿಸಲಾಗಿತ್ತು. ರಾಜನ್ ಅದನ್ನು 9.5ಕ್ಕೆ ಇಳಿಸಿದರು. ಅದೇ ದಿನ ರೆಪೊ ದರವನ್ನು 7.25ರಿಂದ 7.5ಕ್ಕೆ ಏರಿಸಿದರು. ಒಂದು ಕೈಯಲ್ಲಿ ಇಳಿಸಿ ಇನ್ನೊಂದು ಕೈಯಲ್ಲಿ ಏರಿಸಿದ್ದು ಯಾಕೆ? ತುರ್ತು ದರ ಇದ್ದದ್ದು ಡಾಲರ್ ಬಿಕ್ಕಟ್ಟಿಗೆ. ಅದು ತಣ್ಣಗಾಗುತ್ತಿತ್ತು. ರೆಪೊ ದರ ಇರುವುದು ಬೆಲೆಯೇರಿಕೆಗೆ. ಅದು ತಣ್ಣಗಾಗಿರಲಿಲ್ಲ.

ಎರಡು ಅಂಕಿ, ಎರಡು ಕಥೆ

ಇಡೀ ವಿಷಯದಲ್ಲಿ ಇದು ಮುಖ್ಯ, ಸ್ವಲ್ಪ ನಿಧಾನವಾಗಿ ನೋಡೋಣ.

ಆಗ ಆರ್‌ಬಿಐ ಹಣದುಬ್ಬರ ಅಂತ ಮುಖ್ಯವಾಗಿ ನೋಡುತ್ತಿದ್ದದ್ದು ಸಗಟು ಬೆಲೆ ಸೂಚ್ಯಂಕವನ್ನು. ಅಂದರೆ ವ್ಯಾಪಾರಿಗಳ ನಡುವೆ ಮೂಟೆ ಲೆಕ್ಕದಲ್ಲಿ, ಟನ್ ಲೆಕ್ಕದಲ್ಲಿ ನಡೆಯುವ ವ್ಯವಹಾರದ ಬೆಲೆ. ಅದರಲ್ಲಿ ಉಕ್ಕು ಇದೆ, ರಾಸಾಯನಿಕ ಇದೆ, ಯಂತ್ರ ಇದೆ. ಆಹಾರದ ಪಾಲು ಸುಮಾರು ಕಾಲು ಭಾಗ. ಮನೆ ಬಾಡಿಗೆ ಇಲ್ಲ. ಡಾಕ್ಟರ್ ಫೀಸು ಇಲ್ಲ. ಶಾಲೆ ಫೀಸು ಇಲ್ಲ.

ಗ್ರಾಹಕ ಬೆಲೆ ಸೂಚ್ಯಂಕ ಹಾಗಲ್ಲ. ಅದು ಮನೆಯವರು ಅಂಗಡಿಯಲ್ಲಿ ಕೊಡುವ ಚಿಲ್ಲರೆ ಬೆಲೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಹಳ್ಳಿ ಮತ್ತು ಪಟ್ಟಣದ ಮಾರುಕಟ್ಟೆಗಳಿಗೆ ಜನ ಹೋಗಿ ಬೆಲೆ ಬರೆದುಕೊಂಡು ಬರುತ್ತಾರೆ. ಆಗ ಅದರಲ್ಲಿ ಆಹಾರದ ಪಾಲು ಹತ್ತಿರ ಹತ್ತಿರ ಅರ್ಧ ಇತ್ತು. ಬಾಡಿಗೆ, ಆಸ್ಪತ್ರೆ, ಶಿಕ್ಷಣ, ಪ್ರಯಾಣ ಎಲ್ಲ ಅದರಲ್ಲಿದೆ.

2013ರ ಮೇ ತಿಂಗಳಲ್ಲಿ ಈ ಎರಡೂ ಏನು ಹೇಳುತ್ತಿದ್ದವು ನೋಡಿ. ಸಗಟು ಹಣದುಬ್ಬರ ಶೇ 5ಕ್ಕಿಂತ ಕೆಳಗೆ. ಗ್ರಾಹಕ ಹಣದುಬ್ಬರ ಶೇ 9ಕ್ಕಿಂತ ಮೇಲೆ. ಒಂದೇ ದೇಶ, ಒಂದೇ ತಿಂಗಳು. ಸಗಟು ಅಂಕಿ ನೋಡಿದವರಿಗೆ ಬಡ್ಡಿ ಇಳಿಸಬಹುದು ಅನಿಸುತ್ತಿತ್ತು. ಆ ತಿಂಗಳ ಆರಂಭದಲ್ಲಿ ರೆಪೊ ದರ 7.5ರಿಂದ 7.25ಕ್ಕೆ ಇಳಿದೂ ಇತ್ತು. ತರಕಾರಿ ಕೊಳ್ಳುವವರಿಗೆ ಮಾತ್ರ ಬೇರೆಯೇ ಲೋಕ ಕಾಣುತ್ತಿತ್ತು.

ರಾಜನ್ ಬಂದ ಎಂಟೇ ದಿನಕ್ಕೆ, ಸೆಪ್ಟೆಂಬರ್ 12ರಂದು, ಡೆಪ್ಯುಟಿ ಗವರ್ನರ್ ಊರ್ಜಿತ್ ಪಟೇಲ್ ಅವರ ಅಧ್ಯಕ್ಷತೆಯಲ್ಲಿ ಒಂದು ಸಮಿತಿ ಮಾಡಿದರು. 2014ರ ಜನವರಿಯಲ್ಲಿ ವರದಿ ಬಂತು. ಅದರ ಸಾರ ಇಷ್ಟು: ಇನ್ನು ಮುಂದೆ ಗ್ರಾಹಕ ಬೆಲೆ ಸೂಚ್ಯಂಕವೇ ಅಳತೆಗೋಲು. ಗುರಿ ಶೇ 4, ಆಚೆ ಈಚೆ ಶೇ 2ರಷ್ಟು ಸಡಿಲ. ಆದರೆ ಒಂದೇ ಸಲ ಅಲ್ಲಿಗೆ ಹಾರಬಾರದು. 2015ರ ಜನವರಿಗೆ ಶೇ 8ರೊಳಗೆ, 2016ರ ಜನವರಿಗೆ ಶೇ 6ರೊಳಗೆ ತರಬೇಕು, ಆಮೇಲೆ ಶೇ 4.

ಹಂತ ಹಂತವಾಗಿ ಯಾಕೆ? ಶೇ 10ರಿಂದ ಒಂದೇ ವರ್ಷದಲ್ಲಿ 4ಕ್ಕೆ ತರಬೇಕು ಅಂದರೆ ಬಡ್ಡಿಯನ್ನು ವಿಪರೀತ ಏರಿಸಬೇಕಾಗುತ್ತದೆ. ಕಾರ್ಖಾನೆ ಮುಚ್ಚುತ್ತವೆ, ಕೆಲಸ ಹೋಗುತ್ತದೆ. ಮೆಟ್ಟಿಲು ಮೆಟ್ಟಿಲಾಗಿ ಇಳಿದರೆ ನೋವು ಹಂಚಿಹೋಗುತ್ತದೆ. ಜೊತೆಗೆ, ದಿನಾಂಕ ಹಾಕಿ ಗುರಿ ಹೇಳಿದರೆ ಜನ ಅದನ್ನು ಪರೀಕ್ಷಿಸಬಹುದು. ಹೇಳಿದ್ದನ್ನು ಮಾಡಿದರು ಅಂತ ಒಂದು ಸಲ ಗೊತ್ತಾದರೆ ಮುಂದಿನ ಮಾತನ್ನು ನಂಬುತ್ತಾರೆ. ಎರಡು ತಿಂಗಳಿಗೊಮ್ಮೆ ನೀತಿ ಪ್ರಕಟಿಸುವ ಪದ್ಧತಿ 2014ರ ಏಪ್ರಿಲ್‌ನಿಂದ ಶುರುವಾಗಿದ್ದೂ ಇದೇ ಸಮಿತಿಯ ಸಲಹೆಯಂತೆ.

ಬಡ್ಡಿ ಏರಿಸಿದರೆ ಈರುಳ್ಳಿ ಅಗ್ಗ ಆಗುತ್ತಾ?

ಆಗ ಎಲ್ಲರೂ ಕೇಳಿದ ಪ್ರಶ್ನೆ ಇದು. 2013ರಲ್ಲಿ ಹಲವು ನಗರಗಳಲ್ಲಿ ಈರುಳ್ಳಿ ಕಿಲೋಗೆ 80 ರೂಪಾಯಿ ದಾಟಿತ್ತು. ಮಳೆ ಬಂದು ಬೆಳೆ ಹಾಳಾದರೆ ರೆಪೊ ದರ ಏನು ಮಾಡುತ್ತದೆ? ನ್ಯಾಯವಾದ ಪ್ರಶ್ನೆ.

ಬಡ್ಡಿ ಈರುಳ್ಳಿ ಬೆಳೆಯುವುದಿಲ್ಲ. ಅದು ತಡೆಯುವುದು ಈರುಳ್ಳಿಯಿಂದ ಶುರುವಾದ ಏರಿಕೆ ಬೇರೆ ಕಡೆ ಹಬ್ಬುವುದನ್ನು. ತರಕಾರಿ, ಬೇಳೆ, ಹಾಲು ಎಲ್ಲ ವರ್ಷಗಟ್ಟಲೆ ಏರುತ್ತಲೇ ಇದ್ದರೆ ಕೂಲಿಯವರು ಜಾಸ್ತಿ ಕೂಲಿ ಕೇಳುತ್ತಾರೆ, ಕೇಳಲೇಬೇಕು. ನೌಕರರು ಸಂಬಳ ಏರಿಸಿ ಅನ್ನುತ್ತಾರೆ. ಮನೆ ಮಾಲೀಕರು ಬಾಡಿಗೆ ಏರಿಸುತ್ತಾರೆ. ಮುಂದಿನ ವರ್ಷವೂ ಶೇ 10 ಏರುತ್ತದೆ ಅಂತ ಎಲ್ಲರಿಗೂ ಗ್ಯಾರಂಟಿ ಆದಾಗ ಪ್ರತಿಯೊಬ್ಬರೂ ಈಗಲೇ ಆ ಶೇ 10 ಸೇರಿಸಿಕೊಂಡು ಬೆಲೆ ಹೇಳುತ್ತಾರೆ. ಆಗ ಈರುಳ್ಳಿ ಇಳಿದರೂ ಬಾಡಿಗೆ, ಕೂಲಿ, ಫೀಸು ಇಳಿಯುವುದಿಲ್ಲ.

ಅಂದರೆ ಬೆಲೆಯೇರಿಕೆಯ ಅರ್ಧ ಜೀವ ಇರುವುದು ಜನರ ನಿರೀಕ್ಷೆಯಲ್ಲಿ. ಇದನ್ನು ತಿಳಿಯಲು ಆರ್‌ಬಿಐ ಆಗ ಮೂರು ತಿಂಗಳಿಗೊಮ್ಮೆ ಹಲವು ನಗರಗಳ ಮನೆಗಳಿಗೆ ಜನರನ್ನು ಕಳಿಸಿ, ಮುಂದೆ ಬೆಲೆ ಎಷ್ಟು ಏರಬಹುದು ಅಂತ ಕೇಳಿಸುತ್ತಿತ್ತು. ಆಗ ಬರುತ್ತಿದ್ದ ಉತ್ತರ ಎರಡಂಕಿ. ಆ ನಿರೀಕ್ಷೆ ಮುರಿಯಬೇಕಿತ್ತು.

ಡಿಸೆಂಬರ್ 18ರ ತೀರ್ಮಾನದಲ್ಲಿ ಈ ವ್ಯತ್ಯಾಸ ಚೆನ್ನಾಗಿ ಕಾಣುತ್ತದೆ. ನವೆಂಬರ್ ತಿಂಗಳ ಗ್ರಾಹಕ ಹಣದುಬ್ಬರ ಶೇ 11 ದಾಟಿದೆ ಅಂತ ಆಗಷ್ಟೇ ಗೊತ್ತಾಗಿತ್ತು. ಬಡ್ಡಿ ಏರಿಸಿಯೇ ಏರಿಸುತ್ತಾರೆ ಅಂತ ಮಾರುಕಟ್ಟೆ ಕಾದಿತ್ತು. ರಾಜನ್ ಏರಿಸಲಿಲ್ಲ. ತರಕಾರಿ ಬೆಲೆ ಇಳಿಯುವ ಲಕ್ಷಣ ಇದೆ, ಒಂದು ತಿಂಗಳು ಕಾಯೋಣ ಅಂದರು. ಜನವರಿಯಲ್ಲಿ ತರಕಾರಿ ಇಳಿದೇ ಇತ್ತು. ಈ ಸಲ ಏರಿಸುವುದಿಲ್ಲ ಅಂತ ಬಹಳ ಜನ ಎಣಿಸಿದ್ದರು. ಜನವರಿ 28ರಂದು ರೆಪೊ ದರವನ್ನು ಶೇ 8ಕ್ಕೆ ಏರಿಸಿದರು. ಯಾಕೆಂದರೆ ತರಕಾರಿ, ಇಂಧನ ಬಿಟ್ಟು ಉಳಿದ ಸಾಮಾನು ಸೇವೆಗಳ ಬೆಲೆ ಮಾತ್ರ ಜಗ್ಗಿರಲಿಲ್ಲ. ತರಕಾರಿಯ ಏರಿಳಿತಕ್ಕೆ ತಾಳ್ಮೆ, ಒಳಗೆ ಬೇರುಬಿಟ್ಟ ಏರಿಕೆಗೆ ಬಡ್ಡಿ.

ಶೇ 8ರಲ್ಲಿ ಒಂದು ವರ್ಷ ಹಾಗೇ ನಿಲ್ಲಿಸಿದರು. ಉದ್ಯಮಿಗಳು ಸಾಲ ದುಬಾರಿ ಅಂತ ದೂರಿದರು. 2014ರಲ್ಲಿ ಹೊಸ ಸರ್ಕಾರ ಬಂದ ಮೇಲೆ ಹಣಕಾಸು ಸಚಿವರಾಗಿದ್ದ ಅರುಣ್ ಜೇಟ್ಲಿಯವರೂ ಬಡ್ಡಿ ಇಳಿಯಬೇಕು ಅಂತ ಬಹಿರಂಗವಾಗಿ ಹೇಳಿದರು. ರಾಜನ್ ಆ ವರ್ಷ ಇಳಿಸಲಿಲ್ಲ.

ದೋಸೆಯ ಲೆಕ್ಕ

ಸಾಲಗಾರರ ದೂರು ಒಂದು ಕಡೆ. ಬಡ್ಡಿ ಇಳಿಯಲು ಶುರುವಾದ ಮೇಲೆ ಇನ್ನೊಂದು ಕಡೆಯಿಂದ ದೂರು ಬಂತು. ನಿವೃತ್ತರು ಬರೆದರು: ಮೊದಲು ಎಫ್‌ಡಿಗೆ ಶೇ 10 ಬರುತ್ತಿತ್ತು, ಈಗ ಶೇ 8 ಬರುತ್ತಿದೆ, ನಾವು ಬದುಕುವುದು ಹೇಗೆ?

2016ರಲ್ಲಿ ಒಂದು ಉಪನ್ಯಾಸದಲ್ಲಿ ರಾಜನ್ ಇದಕ್ಕೆ ದೋಸೆಯಲ್ಲಿ ಉತ್ತರ ಕೊಟ್ಟರು. ಇಷ್ಟು ಸರಳವಾಗಿ ಈ ವಿಷಯವನ್ನು ಯಾರೂ ಹೇಳಿದ್ದು ನಾನು ಕಂಡಿಲ್ಲ. ಲೆಕ್ಕ ಹೀಗೆ ಹೋಗುತ್ತದೆ.

ನಿವೃತ್ತರೊಬ್ಬರ ಹತ್ತಿರ 1 ಲಕ್ಷ ರೂಪಾಯಿ ಇದೆ. ದೋಸೆ 50 ರೂಪಾಯಿ. ಅಂದರೆ ಅವರ ಕೈಯಲ್ಲಿ ಇವತ್ತು 2,000 ದೋಸೆಯ ಹಣ ಇದೆ. ಬ್ಯಾಂಕಿನಲ್ಲಿ ಇಟ್ಟರು. ಬಡ್ಡಿ ಶೇ 10, ಹಣದುಬ್ಬರವೂ ಶೇ 10. ವರ್ಷದ ಕೊನೆಗೆ 10,000 ರೂಪಾಯಿ ಬಡ್ಡಿ ಬಂತು. ಆದರೆ ದೋಸೆ 55 ಆಗಿದೆ. ಬಡ್ಡಿಯಲ್ಲಿ ಸುಮಾರು 182 ದೋಸೆ ಬರುತ್ತದೆ. ಅಸಲಿನ 1 ಲಕ್ಷಕ್ಕೆ ಈಗ 1,818 ದೋಸೆ ಮಾತ್ರ. ಒಟ್ಟು 2,000. ಒಂದು ವರ್ಷ ದುಡ್ಡು ಇಟ್ಟು ಒಂದು ದೋಸೆಯೂ ಜಾಸ್ತಿ ಆಗಲಿಲ್ಲ. ಬಡ್ಡಿ ಬಂತು ಅಂತ ಆ 182 ದೋಸೆ ತಿಂದರೆ ಅಸಲನ್ನೇ ತಿಂದ ಹಾಗೆ.

ಈಗ ಇನ್ನೊಂದು ಸ್ಥಿತಿ. ಬಡ್ಡಿ ಶೇ 8, ಹಣದುಬ್ಬರ ಶೇ 5.5. ವರ್ಷದ ಕೊನೆಗೆ ಬಡ್ಡಿ 8,000. ದೋಸೆ 52 ರೂಪಾಯಿ 75 ಪೈಸೆ. ಬಡ್ಡಿಗೆ ಸುಮಾರು 152 ದೋಸೆ, ಅಸಲಿಗೆ 1,896 ದೋಸೆ. ಒಟ್ಟು 2,048ರ ಹತ್ತಿರ. ಕೈಗೆ ಬಂದ ಬಡ್ಡಿ ಕಡಿಮೆ, ಆದರೆ ನಿಜವಾಗಿ ಕೈಯಲ್ಲಿ ಉಳಿದದ್ದು ಜಾಸ್ತಿ.

ಬಡ್ಡಿಯಿಂದ ಹಣದುಬ್ಬರ ಕಳೆದರೆ ಉಳಿಯುವುದನ್ನು ನೈಜ ಬಡ್ಡಿ ಅನ್ನುತ್ತಾರೆ. ಮೊದಲ ಸ್ಥಿತಿಯಲ್ಲಿ ಅದು ಸೊನ್ನೆ. ಆದಾಯ ತೆರಿಗೆ ಕಟ್ಟುವವರಿಗೆ ಅದಕ್ಕಿಂತ ಕಡಿಮೆ, ಯಾಕೆಂದರೆ ತೆರಿಗೆ ಬೀಳುವುದು ಪೂರ್ತಿ 10,000ದ ಮೇಲೆ. 2013ಕ್ಕೆ ಮುಂಚಿನ ವರ್ಷಗಳಲ್ಲಿ ಠೇವಣಿ ಇಟ್ಟ ಬಹಳ ಜನರ ಕಥೆ ಇದೇ. ಬ್ಯಾಂಕಿನಲ್ಲಿಟ್ಟರೆ ದುಡ್ಡು ಕರಗುತ್ತದೆ ಅನ್ನಿಸಿದವರು ಚಿನ್ನಕ್ಕೆ ಹೋದರು. ಚಿನ್ನ ಹೊರಗಿನಿಂದ ಬರಬೇಕು, ಅದಕ್ಕೂ ಡಾಲರ್ ಬೇಕು. ರೂಪಾಯಿ ಬಿದ್ದಿದ್ದಕ್ಕೂ ಬೆಲೆಯೇರಿಕೆಗೂ ಇಲ್ಲೊಂದು ನಂಟು ಇತ್ತು.

ಆದರೂ ನಿವೃತ್ತರ ಸಂಕಟ ಸುಳ್ಳಲ್ಲ ಅಂತಲೇ ನನಗನಿಸುತ್ತದೆ. ತಿಂಗಳ ಬಡ್ಡಿಯಲ್ಲಿ ಔಷಧಿ, ಹಾಲು, ಕರೆಂಟ್ ಬಿಲ್ ಕಟ್ಟುವವರಿಗೆ ಅಸಲು ಉಳಿಯಿತು ಅನ್ನುವುದು ಕಣ್ಣಿಗೆ ಕಾಣುವುದಿಲ್ಲ. ಕೈಗೆ ಬರುವ ಮೊತ್ತ ಕಡಿಮೆಯಾಗಿದ್ದು ಕಾಣುತ್ತದೆ.

ಇಳಿಕೆ ಬಂತು. ಯಾರಿಂದ?

2014ರ ನವೆಂಬರ್ ಹೊತ್ತಿಗೆ ಗ್ರಾಹಕ ಹಣದುಬ್ಬರ ಶೇ 5ರೊಳಗೆ ಬಂದಿತ್ತು. 2015ರ ಜನವರಿ 15ರಂದು, ನಿಗದಿತ ಸಭೆಗೂ ಮೊದಲೇ, ರಾಜನ್ ಬಡ್ಡಿ ಇಳಿಸಲು ಶುರು ಮಾಡಿದರು. ಮಾರ್ಚ್‌ನಲ್ಲಿ 7.5, ಜೂನ್‌ನಲ್ಲಿ 7.25, ಸೆಪ್ಟೆಂಬರ್‌ನಲ್ಲಿ ಒಮ್ಮೆಗೇ 6.75, 2016ರ ಏಪ್ರಿಲ್‌ನಲ್ಲಿ 6.5. 2016ರ ಜನವರಿಯ ಗುರಿ ಶೇ 6ರೊಳಗೆ ಅಂತ ಇತ್ತು, ಬಂದದ್ದು ಶೇ 5.69.

ಇದೆಲ್ಲ ರೆಪೊ ದರದ ಮಹಿಮೆ ಅಂದರೆ ತಪ್ಪಾಗುತ್ತದೆ. 2014ರ ಜೂನ್‌ನಲ್ಲಿ ಬ್ಯಾರಲ್‌ಗೆ 110 ಡಾಲರ್ ಮೇಲಿದ್ದ ಕಚ್ಚಾ ತೈಲ 2015ರ ಜನವರಿಗೆ 50ಕ್ಕಿಂತ ಕೆಳಗೆ ಬಿತ್ತು. ಅದು ದೊಡ್ಡ ಅದೃಷ್ಟ. ಬೆಂಬಲ ಬೆಲೆಯನ್ನು ಸರ್ಕಾರ ಹಿಂದಿನ ವರ್ಷಗಳಷ್ಟು ಏರಿಸಲಿಲ್ಲ, ಗೋದಾಮಿನ ಧಾನ್ಯ ಹೊರಬಿಟ್ಟಿತು. ಮತ್ತೊಂದು ಕಡೆ ದುರದೃಷ್ಟವೂ ಇತ್ತು. 2014 ಮತ್ತು 2015, ಎರಡು ವರ್ಷ ಸತತ ಮಳೆ ಕೈಕೊಟ್ಟಿತು. 2015ರಲ್ಲಿ ತೊಗರಿಬೇಳೆ ಕಿಲೋಗೆ 200 ರೂಪಾಯಿ ಮುಟ್ಟಿದ್ದು ಅಡುಗೆ ಮಾಡುವ ಯಾರೂ ಮರೆತಿರಲಿಕ್ಕಿಲ್ಲ. ಹಿಂದೆಲ್ಲ ಇಂಥ ಬರಗಾಲದಲ್ಲಿ ಒಟ್ಟು ಹಣದುಬ್ಬರ ಎರಡಂಕಿಗೆ ಹೋಗುವ ಭಯ ಇರುತ್ತಿತ್ತು. ಈ ಸಲ ಹೋಗಲಿಲ್ಲ. ಬೇಳೆಯ ಏರಿಕೆ ಬೇಳೆಯಲ್ಲೇ ಹೆಚ್ಚುಕಡಿಮೆ ನಿಂತಿತು. ಬಡ್ಡಿ ನೀತಿಯ ಪಾಲು ಇದ್ದರೆ ಇಲ್ಲೇ ಇದೆ.

ಇಳಿಸಿದ ಬಡ್ಡಿ ಜನರಿಗೆ ಪೂರ್ತಿ ತಲುಪಲಿಲ್ಲ ಅನ್ನುವುದನ್ನೂ ಹೇಳಬೇಕು. ಆರ್‌ಬಿಐ ಒಟ್ಟು ಶೇ 1.5ರಷ್ಟು ಇಳಿಸಿತ್ತು. ಬ್ಯಾಂಕುಗಳು ಸುಮಾರು ಅರ್ಧದಷ್ಟನ್ನು ಮಾತ್ರ ಇಳಿಸಿದವು. ಹಳೆಯ ಠೇವಣಿಗಳಿಗೆ ಹಳೆಯ ಬಡ್ಡಿಯೇ ಕೊಡಬೇಕಿತ್ತು, ಜೊತೆಗೆ ವಸೂಲಾಗದ ಸಾಲಗಳು ಗುಡ್ಡೆ ಬಿದ್ದಿದ್ದವು. ರಾಜನ್ ಈ ಬಗ್ಗೆ ಬಹಿರಂಗವಾಗಿಯೇ ಅಸಮಾಧಾನ ಹೇಳಿದ್ದರು. 2016ರ ಏಪ್ರಿಲ್‌ನಲ್ಲಿ ಬಡ್ಡಿ ಲೆಕ್ಕ ಹಾಕುವ ಹೊಸ ಪದ್ಧತಿ ಬಂದರೂ ಸಮಸ್ಯೆ ಪೂರ್ತಿ ಹೋಗಲಿಲ್ಲ. 2019ರ ಅಕ್ಟೋಬರ್‌ನಿಂದ ಹೊಸ ಮನೆ ಸಾಲಗಳ ಬದಲಾಗುವ ಬಡ್ಡಿಯನ್ನು ರೆಪೊ ದರದಂಥ ಹೊರಗಿನ ದರಕ್ಕೆ ಕಟ್ಟಬೇಕು ಅಂತ ಆರ್‌ಬಿಐ ಕಡ್ಡಾಯ ಮಾಡಿತು. ಇವತ್ತು ರೆಪೊ ದರ ಬದಲಾದರೆ ಕಂತಿನಲ್ಲಿ ಬೇಗ ಗೊತ್ತಾಗುವುದು ಅದಕ್ಕೇ.

ಒಬ್ಬರ ಕೈಯಿಂದ ಆರು ಜನರ ಕೈಗೆ

2015ರ ಫೆಬ್ರುವರಿ 20ರಂದು ಸರ್ಕಾರ ಮತ್ತು ಆರ್‌ಬಿಐ ಒಂದು ಒಪ್ಪಂದ ಮಾಡಿಕೊಂಡವು. ಹಣದುಬ್ಬರವನ್ನು ಹದ್ದಿನಲ್ಲಿಡುವುದು ಆರ್‌ಬಿಐನ ಹೊಣೆ, ಗುರಿ ಇಷ್ಟು, ತಪ್ಪಿದರೆ ಲಿಖಿತ ವಿವರಣೆ ಕೊಡಬೇಕು. 2016ರಲ್ಲಿ ಆರ್‌ಬಿಐ ಕಾಯ್ದೆಗೇ ತಿದ್ದುಪಡಿ ಬಂತು. ಆ ವರ್ಷದ ಆಗಸ್ಟ್‌ನಲ್ಲಿ ಶೇ 4, ಕೆಳಗೆ 2, ಮೇಲೆ 6 ಅಂತ ಸರ್ಕಾರ ಅಧಿಸೂಚನೆ ಹೊರಡಿಸಿತು.

ಅಲ್ಲಿಯವರೆಗೆ ಬಡ್ಡಿ ಎಷ್ಟು ಅಂತ ಕೊನೆಯ ಮಾತು ಗವರ್ನರ್ ಒಬ್ಬರದೇ ಆಗಿತ್ತು. ಸಲಹೆ ಕೊಡಲು ಸಮಿತಿ ಇತ್ತು, ಅದರ ಮಾತು ಕೇಳಲೇಬೇಕು ಅಂತ ಇರಲಿಲ್ಲ. ಹೊಸ ಕಾನೂನಿನಲ್ಲಿ ಆರು ಜನರ ಹಣಕಾಸು ನೀತಿ ಸಮಿತಿ ಬಂತು. ಮೂವರು ಆರ್‌ಬಿಐನವರು, ಮೂವರು ಸರ್ಕಾರ ನೇಮಿಸುವ ಹೊರಗಿನ ತಜ್ಞರು. ಒಬ್ಬರಿಗೆ ಒಂದು ವೋಟು. ಸಮ ಸಮ ಆದರೆ ಗವರ್ನರ್‌ಗೆ ಇನ್ನೊಂದು ವೋಟು. ಯಾರು ಯಾವ ಕಡೆ ವೋಟು ಹಾಕಿದರು, ಯಾಕೆ ಹಾಕಿದರು ಅಂತ ಪ್ರಕಟಿಸುತ್ತಾರೆ.

ಬಡ್ಡಿ ವಿಷಯದಲ್ಲಿ ಅಷ್ಟು ಅಧಿಕಾರ ಇದ್ದ ಗವರ್ನರ್, ತನ್ನ ನಂತರದವರಿಗೆ ಅಷ್ಟು ಅಧಿಕಾರ ಉಳಿಯದ ವ್ಯವಸ್ಥೆಯನ್ನು ತಾನೇ ಮುಂದೆ ನಿಂತು ಕಟ್ಟಿದರು. ರಾಜನ್ ಬಗ್ಗೆ ಮಾತಾಡುವಾಗ ಇದನ್ನು ನಾವು ಸಾಕಷ್ಟು ಹೇಳುವುದಿಲ್ಲ ಅಂತ ನನಗನಿಸುತ್ತದೆ. ಗವರ್ನರ್ ಕಟ್ಟುನಿಟ್ಟಿನವರಾದರೆ ಬೆಲೆ ಹಿಡಿತಕ್ಕೆ, ಮೆದುವಾದರೆ ಬಿಡುಗಡೆಗೆ ಅನ್ನುವ ಸ್ಥಿತಿ ಇರುವವರೆಗೆ ಜನರ ನಿರೀಕ್ಷೆ ಬದಲಾಗುವುದಿಲ್ಲ.

ಅವರು ಹೋದ ಮೇಲೆ

2016ರ ಜೂನ್ 18ರಂದು ರಾಜನ್ ಆರ್‌ಬಿಐ ಸಿಬ್ಬಂದಿಗೆ ಪತ್ರ ಬರೆದರು. ಅವಧಿ ಮುಗಿದ ಮೇಲೆ ಪಾಠ ಹೇಳಲು ವಾಪಸ್ ಹೋಗುತ್ತೇನೆ ಅಂತ ತಿಳಿಸಿದರು. ಎರಡು ಕೆಲಸ ಇನ್ನೂ ಮುಗಿದಿಲ್ಲ ಅಂತಲೂ ಅದರಲ್ಲಿ ಬರೆದಿದ್ದರು: ನೀತಿ ಸಮಿತಿ ಇನ್ನೂ ರಚನೆಯಾಗಬೇಕು, ಬ್ಯಾಂಕುಗಳ ಕೆಟ್ಟ ಸಾಲದ ಶುದ್ಧೀಕರಣ ಇನ್ನೂ ನಡೆಯುತ್ತಿದೆ. ಸೆಪ್ಟೆಂಬರ್ 4ಕ್ಕೆ ಹುದ್ದೆ ಬಿಟ್ಟರು. ಆಗ ಕೈಯಲ್ಲಿದ್ದ ಕೊನೆಯ ಅಂಕಿ ಜುಲೈ ತಿಂಗಳದ್ದು, ಶೇ 6.07. ಶೇ 6ರ ಗೆರೆಯಿಂದ ಕೂದಲೆಳೆಯಷ್ಟು ಆಚೆ. ನೀತಿ ಸಮಿತಿಯ ಮೊದಲ ಸಭೆ ಅಕ್ಟೋಬರ್‌ನಲ್ಲಿ, ಊರ್ಜಿತ್ ಪಟೇಲ್ ಗವರ್ನರ್ ಆಗಿದ್ದಾಗ ನಡೆಯಿತು. ರೆಪೊ ದರ 6.25ಕ್ಕೆ ಇಳಿಯಿತು.

ಕಾನೂನಿನ ನಿಜವಾದ ಪರೀಕ್ಷೆ ಬಂದದ್ದು 2022ರಲ್ಲಿ. ರಷ್ಯಾ ಮತ್ತು ಉಕ್ರೇನ್ ಯುದ್ಧದಿಂದ ತೈಲ, ಅಡುಗೆ ಎಣ್ಣೆ, ಗೋಧಿ ಎಲ್ಲ ಏರಿದವು. ಏಪ್ರಿಲ್‌ನಲ್ಲಿ ಗ್ರಾಹಕ ಹಣದುಬ್ಬರ ಶೇ 7.79ಕ್ಕೆ ಹೋಯಿತು. ಆಗ ಗವರ್ನರ್ ಆಗಿದ್ದ ಶಕ್ತಿಕಾಂತ ದಾಸ್ ಅವರ ನೇತೃತ್ವದ ಸಮಿತಿ ಮೇ 4ರಂದು ದಿಢೀರನೆ ಸೇರಿ ಶೇ 4 ಇದ್ದ ರೆಪೊ ದರವನ್ನು ಏರಿಸಿತು. ಮುಂದಿನ ಫೆಬ್ರುವರಿ ಹೊತ್ತಿಗೆ ಅದು 6.5 ಆಗಿತ್ತು.

ಆದರೂ 2022ರ ಜನವರಿಯಿಂದ ಸೆಪ್ಟೆಂಬರ್‌ವರೆಗೆ, ಸತತ ಮೂರು ತ್ರೈಮಾಸಿಕ, ಹಣದುಬ್ಬರ ಶೇ 6ರ ಮೇಲೇ ಇತ್ತು. ಹಾಗಾದರೆ ಗುರಿ ತಪ್ಪಿದ ಹಾಗೆ ಅಂತ ಕಾನೂನು ಹೇಳುತ್ತದೆ. ನವೆಂಬರ್ 3ರಂದು ಸಮಿತಿ ಅದಕ್ಕಾಗಿಯೇ ಸಭೆ ಸೇರಿತು. ಯಾಕೆ ತಪ್ಪಿತು, ಏನು ಮಾಡುತ್ತೇವೆ, ಎಷ್ಟು ದಿನದಲ್ಲಿ ಗುರಿಗೆ ಬರುತ್ತೇವೆ ಅಂತ ಆರ್‌ಬಿಐ ಮೊದಲ ಬಾರಿಗೆ ಸರ್ಕಾರಕ್ಕೆ ಪತ್ರ ಬರೆಯಿತು. ಪತ್ರದಲ್ಲಿ ಏನಿದೆ ಅನ್ನುವುದನ್ನು ಸಾರ್ವಜನಿಕರಿಗೆ ತಿಳಿಸಲಿಲ್ಲ. ಕಾನೂನು ಪತ್ರ ಬರೆಯಲು ಹೇಳುತ್ತದೆ. ಅದನ್ನು ಜನರ ಮುಂದಿಡಬೇಕು ಅಂತ ಹೇಳುವುದಿಲ್ಲ.